ಮೊರ ತೂಗದ ಮನೆ

ಖಾಲಿ ಕೋಣೆಯಲ್ಲಿ ಕೂಸು ಕೆಮ್ಮಿದ ಸದ್ದು ಕೇಳಿದರೆ ನಮ್ಮೂರಲ್ಲಿ ಯಾರೂ ಹೆದರುವುದಿಲ್ಲ. ಮೊದಲು ಮೊರ ಹುಡುಕುತ್ತಾರೆ. ಅದರ ಬೆನ್ನಿಗೆ ಇದ್ದಿಲಿನಿಂದ ಒಂದು ದಪ್ಪ ಗೆರೆ ಎಳೆದು ಬಾಗಿಲ ಚೌಕಟ್ಟಿನ ಮೊಳೆಗೆ ತೂಗುಹಾಕುತ್ತಾರೆ. ಆಮೇಲೆ ನನ್ನನ್ನು ಕರೆಯಲು ಯಾರನ್ನಾದರೂ ಓಡಿಸುತ್ತಾರೆ. ನಾನು ಬಂದು ಆ ಕೋಣೆಯಲ್ಲಿ ಚಾಪೆಯ ಮೇಲೆ ಕೂತು, ಕೈಯಲ್ಲಿ ಗಡಿಯಾರ ಹಿಡಿದು, ಅಲ್ಲಿಲ್ಲದ ಕೂಸಿನ ಉಸಿರು ಎಣಿಸುತ್ತೇನೆ. ಹೊಳೆಯಾಚೆಯ ಆಸ್ಪತ್ರೆಯವರು ಕೊಟ್ಟ ಗುರುತಿನ ಚೀಟಿಯಲ್ಲಿ ಆರೋಗ್ಯ ಕಾರ್ಯಕರ್ತೆ ಎಂದು ಬರೆದಿದೆ. ಊರವರು ಅಷ್ಟುದ್ದ ಹೆಸರಿಗೆ ಬಾಯಿ ನೋಯಿಸಿಕೊಳ್ಳುವವರಲ್ಲ, ಗುಳಿಗಿ ಕಾಶವ್ವ ಎನ್ನುತ್ತಾರೆ.

ನಮ್ಮಲ್ಲಿ ಜಡ್ಡಿಗೆ ಬಿದ್ದ ಕೂಸಿನ ದನಿ ಕೂಸಿನ ಹತ್ತಿರ ಉಳಿಯುವುದಿಲ್ಲ. ಕೆಮ್ಮು, ನರಳಿಕೆ, ಅಳು, ಉಬ್ಬಸ ಎಲ್ಲ ಎದ್ದು ಬೇರೆ ಒಂದು ಮನೆಗೆ ಹೋಗಿ ಕೂರುತ್ತವೆ. ಕೂಸು ತಾಯಿಯ ಮಡಿಲಲ್ಲಿ ಬಾಯಿ ತೆರೆದು ಅಳುತ್ತದೆ, ಸದ್ದಿಲ್ಲ. ಅದೇ ಹೊತ್ತಿಗೆ ಮೂರು ಓಣಿಯಾಚೆ ಕಿರಾಣಿ ಅಂಗಡಿಯವನ ಅಡುಗೆಮನೆಯಲ್ಲಿ ಬೇಳೆ ಡಬ್ಬಿಗಳ ನಡುವೆ ಅಳು ಕೇಳುತ್ತದೆ. ಯಾವ ಮನೆಗೆ ಹೋಗಬೇಕೆಂಬುದರಲ್ಲಿ ಅದಕ್ಕೆ ಜಾತಿಯಿಲ್ಲ, ನಂಟಸ್ತಿಕೆಯಿಲ್ಲ. ಹೊಲದ ಬದುವಿಗಾಗಿ ಹತ್ತು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರಲ್ಲಿ ಅಣ್ಣನ ಮಗನ ನಾಯಿಕೆಮ್ಮು ತಮ್ಮನ ಮಂಚದ ಕೆಳಗೆ ಹದಿನೈದು ದಿನ ಕೂತಿತ್ತು. ನಿದ್ದೆಗೆಟ್ಟ ತಮ್ಮ ತಾನೇ ಅಣ್ಣನ ಮನೆಗೆ ಜೇನುತುಪ್ಪ ಹಿಡಿದುಕೊಂಡು ಹೋದ. ಕೂಸು ಗುಣವಾದ ಮೇಲೆ ಅದನ್ನು ದನಿ ಕೇಳಿದ ಮನೆಗೆ ತಂದು, ಅದೇ ಮೊರದಲ್ಲಿ ಜೋಳ ಹರವಿ ಮಲಗಿಸಿ, ಚಿವುಟಿ ಅಳಿಸಬೇಕು. ಅಳು ಕೂಸಿನ ಬಾಯಿಂದಲೇ ಬಂತೆಂದರೆ ಆ ಮನೆಯಾಕೆ ಒಂದು ಹಿಡಿ ಬೆಲ್ಲ ಕೊಟ್ಟು ಅದಕ್ಕೆ ಕೇಳವ್ವ ಆಗುತ್ತಾಳೆ. ಮದುವೆಯಲ್ಲಿ ಸೋದರತ್ತೆಗಿಂತ ಮೊದಲು ಕೇಳವ್ವನಿಗೆ ಉಡಿ ತುಂಬುತ್ತಾರೆ. ಈ ಶಾಸ್ತ್ರ ಸುಮ್ಮನೆ ಹುಟ್ಟಿದ್ದಲ್ಲ. ಕೇಳಿದ ಮನೆಯಲ್ಲಿ ದನಿ ನಿಂತರೆ ಕೂಸು ಗುಣವಾಯಿತೋ ಸತ್ತಿತೋ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಮೌನ.

ಊರಿನ ನೆತ್ತಿಯ ಮೇಲೆ ದಿಬ್ಬ, ದಿಬ್ಬದ ಮೇಲೆ ಸುಣ್ಣದ ಭಟ್ಟಿ. ಅರ್ಧ ಊರಿನ ಹೆಂಗಸರು ಅಲ್ಲಿ ಕಲ್ಲು ಒಡೆಯುತ್ತಾರೆ, ಸುಟ್ಟ ಸುಣ್ಣ ಹೊರುತ್ತಾರೆ. ಗೋಡೆ, ಗಿಡ, ನಾಯಿಯ ಬೆನ್ನು, ನಮ್ಮ ಹುಬ್ಬು ಎಲ್ಲ ಬೆಳ್ಳಗೆ. ಭಟ್ಟಿಯ ಗಂಟೆ ದಿನಕ್ಕೆ ನಾಲ್ಕು ಸಲ ಹೊಡೆಯುತ್ತದೆ. ಪ್ರತಿ ಗಂಟೆಗೂ ಹೆಂಗಸರು ಬುಟ್ಟಿ ಇಳಿಸಿ, ದಿಬ್ಬದ ಅಂಚಿಗೆ ಬಂದು, ಹುಬ್ಬಿಗೆ ಕೈ ಅಡ್ಡ ಹಿಡಿದು ಕೆಳಗಿನ ಬಾಗಿಲುಗಳನ್ನು ನೋಡುತ್ತಾರೆ. ಎಲ್ಲಾದರೂ ಮೊರ ಕಂಡರೆ ಕೂಸಿದ್ದವರೆಲ್ಲ ಓಡುತ್ತಾರೆ. ಕಾಣದಿದ್ದರೆ ಮತ್ತೆ ಬುಟ್ಟಿ ಹೊರುತ್ತಾರೆ. ‘ಮೊರ ಇಲ್ಲಂದ್ರ ಜಡ್ಡೂ ಇಲ್ಲ’ ಎಂಬುದು ನಮ್ಮೂರಿನ ಗಾದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಹೇಳಿದವರು ನಮ್ಮೂರಿಗೆ ಬಂದಿರಲಿಕ್ಕಿಲ್ಲ.

ಹೊಳೆಯಾಚೆಯ ಡಾಕ್ಟರಮ್ಮ ನನಗೆ ಕಲಿಸಿದ್ದೇ ಬೇರೆ. ಕೂಸಿನ ಅಂಗಿ ಎತ್ತು, ಹೊಟ್ಟೆ ಎದೆ ನೋಡು, ಒಂದು ನಿಮಿಷ ಪೂರ್ತಿ ಎಣಿಸು. ಎರಡು ತಿಂಗಳು ದಾಟಿ ವರ್ಷ ತುಂಬದ ಕೂಸು ಐವತ್ತು ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡಿದರೆ ಗುಳಿಗೆ ಶುರು ಮಾಡು. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ಹಾಲು ಬಿಟ್ಟರೆ, ಮೊದಲ ಗುಳಿಗೆ ಕೊಟ್ಟು ಕೂಡಲೇ ದೋಣಿ ಹತ್ತಿಸು. ಇದನ್ನೇ ನಾನು ಪ್ರತಿ ಗುರುವಾರ ತಾಯಂದಿರನ್ನು ಕೂರಿಸಿಕೊಂಡು ಒದರುತ್ತೇನೆ. ಮೊರ ನೋಡಬೇಡಿ, ಪಕ್ಕೆ ನೋಡಿ. ಅವರು ತಲೆ ಆಡಿಸುತ್ತಾರೆ, ಅವಲಕ್ಕಿ ತಿನ್ನುತ್ತಾರೆ, ಎದ್ದು ಹೋಗುವಾಗ ಹಾದಿಯ ಬಾಗಿಲುಗಳಲ್ಲಿ ಮೊರ ಇದೆಯೇ ಎಂದು ನೋಡುತ್ತ ಹೋಗುತ್ತಾರೆ.

ಇಷ್ಟೆಲ್ಲ ಬುದ್ಧಿ ಹೇಳುವ ನಾನು ಯಾರೆಂದೂ ಹೇಳಬೇಕು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಒಂಬತ್ತು ವರ್ಷದ ಹಿಂದೆ, ಭಟ್ಟಿಯಲ್ಲಿ ಸುಣ್ಣ ಹೊರುವ ಫಕೀರವ್ವನ ಮಗಳು ಸಾವಂತ್ರಿ ತೀರಿಕೊಂಡಳು. ಎರಡೂವರೆ ವರ್ಷದವಳು. ಫಕೀರವ್ವನ ಗಂಡ ಮೊದಲೇ ಸತ್ತಿದ್ದ. ಹಗಲೆಲ್ಲ ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ಅವಳ ಮುದಿ ಅತ್ತೆ. ಆಕೆಯ ಎರಡೂ ಕಣ್ಣುಗಳನ್ನು ಸಿಡಿದ ಸುಣ್ಣ ಯಾವತ್ತೋ ತಿಂದಿತ್ತು. ಕಣ್ಣಿಲ್ಲದ ಮುದುಕಿಯ ಮಡಿಲಲ್ಲಿ ದನಿಯಿಲ್ಲದ ಕೂಸು. ಸಂಜೆ ಫಕೀರವ್ವ ಬಂದರೆ ಮುದುಕಿ, ಕೂಸು ಇವತ್ತು ಬಲು ಶಾಣ್ಯಾ ಇತ್ತು, ಒಂದು ಸಲಾನೂ ಅಳಲಿಲ್ಲ ಎನ್ನುತ್ತಿದ್ದಳು. ಮಗು ನಿದ್ದೆಯಲ್ಲಿರುತ್ತಿತ್ತು. ಮೈ ಬೆಚ್ಚಗಿತ್ತಂತೆ, ಬೇಸಿಗೆ ಎಂದುಕೊಂಡಳಂತೆ. ದಿಬ್ಬದ ಮೇಲಿನಿಂದ ದಿನಕ್ಕೆ ನಾಲ್ಕು ಸಲ ಊರನ್ನೆಲ್ಲ ನೋಡಿದ್ದಳು. ಎಲ್ಲಿಯೂ ಮೊರ ಇರಲಿಲ್ಲ. ಮೂರನೆಯ ದಿನ ಬರುವಷ್ಟರಲ್ಲಿ ಮುದುಕಿ ತಣ್ಣಗಾದ ಮಗುವನ್ನು ತಟ್ಟುತ್ತ ಕೂತಿದ್ದಳು.

ದನಿ ಕೇಳಿದ ಮನೆ ಯಾವುದು ಎಂದು ಊರು ಸೇರಿತು. ಪ್ರತಿ ಮನೆಯ ಹೆಂಗಸೂ ಹಸಿ ಸುಣ್ಣದ ಗುಂಡಿಯಲ್ಲಿ ಕೈ ಅದ್ದಿ, ನಮ್ಮ ಮನೆಯಲ್ಲಿ ಕೇಳಿಲ್ಲ ಎಂದು ಆಣೆ ಮಾಡಬೇಕಾಯಿತು. ಸುಳ್ಳು ಹೇಳಿದವಳ ಕೈ ಬೇಯುತ್ತದೆ ಎಂದರು. ಸುಣ್ಣ ತಾನೆ, ಎಲ್ಲರ ಕೈಯೂ ಬೆಂದವು. ನನ್ನದೂ ಎಲ್ಲರಷ್ಟೇ ಬೆಂದಿತು.

ಕೇಳಿದ ಮನೆ ನಮ್ಮದು. ಒಳಕೋಣೆಯಲ್ಲಿ, ಜೋಳದ ಚೀಲಗಳ ಹಿಂದೆ. ನಾನಾಗ ಏಳು ತಿಂಗಳ ಬಸುರಿ. ನಾನು ಮೊರ ತೆಗೆದುಕೊಂಡರೆ ಅತ್ತೆ ಕೈ ಹಿಡಿದಳು. ‘ಬಸುರಿ ಇದ್ದ ಮನೀಗೆ ಮೊರಾ ತೂಗಿದ್ರ ಹೊಟ್ಯಾಗಿಂದು ಉಳಿಯೂದಿಲ್ಲ. ನಾ ಎರಡು ಕಳಕೊಂಡೀನಿ, ನನಗ ಗೊತ್ತೈತಿ. ಹೋಗಿ ಬೀಸು’ ಎಂದಳು. ನಾನು ಬೀಸುಕಲ್ಲಿನ ಮುಂದೆ ಕೂತೆ. ಎರಡು ದಿನ ಬೀಸಿದೆ. ಮನೆಯಲ್ಲಿದ್ದ ಜೋಳ ಮುಗಿದ ಮೇಲೆ ಬರಿಯ ಕಲ್ಲನ್ನೇ ತಿರುಗಿಸಿದೆ. ಕೈ ಸೋತು ನಿಲ್ಲಿಸಿದಾಗೆಲ್ಲ ಕೇಳುತ್ತಿತ್ತು. ಮೂರು ಸಣ್ಣ ಕೆಮ್ಮು, ಆಮೇಲೆ ಯಾರೋ ಕೇಳಿದ್ದಕ್ಕೆ ಒಪ್ಪಿಕೊಂಡ ಹಾಗೆ ಒಂದು ‘ಹ್ಞೂಂ’. ಮೂರನೆಯ ದಿನ ಮಧ್ಯಾಹ್ನ ನಿಂತಿತು. ನನಗೆ ಹೆಣ್ಣು ಹುಟ್ಟಿತು, ಗಟ್ಟಿಮುಟ್ಟಾಗಿದೆ. ಅತ್ತೆ ಮೂರು ವರ್ಷದ ಹಿಂದೆ ಸತ್ತಳು, ಒಂದು ದಿನವೂ ನಾವಿಬ್ಬರು ಆ ಮಾತು ಎತ್ತಲಿಲ್ಲ. ಆಸ್ಪತ್ರೆಯವರು ತರಬೇತಿಗೆ ಹೆಂಗಸು ಬೇಕೆಂದಾಗ ಎಲ್ಲರಿಗಿಂತ ಮೊದಲು ಹೋದವಳು ನಾನು. ಕಾಶವ್ವನಿಗೆ ಮಕ್ಕಳೆಂದರೆ ಎಷ್ಟು ಕರುಳು ಎಂದು ಊರು ಹೊಗಳುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಒಂಬತ್ತು ವರ್ಷದಿಂದ ಮುಟ್ಟಿಕೊಳ್ಳುತ್ತಲೇ ಇದ್ದೇನೆ, ಯಾರೂ ಗಮನಿಸಿಲ್ಲ.

ಈ ವರ್ಷ ಬಿಸಿಲು ಏರತೊಡಗಿದ ದಿನಗಳಲ್ಲಿ ಒಂದು ಮುಂಜಾನೆ ಕಿರಾಣಿ ಅಂಗಡಿಯಲ್ಲಿ ಫಕೀರವ್ವ ನನ್ನ ಮುಂದೆ ನಿಂತಿದ್ದಳು. ಬಜೆ ಕೇಳಿದಳು. ಬಜೆ ತೇದು ನೆಕ್ಕಿಸುವುದು ಕೂಸುಗಳಿಗೆ.

‘ಯಾರಿಗೆ ಫಕೀರಕ್ಕಾ?’ ಎಂದೆ.

‘ನನಗ. ಗಂಟಲಾ ಹಿಡದೈತಿ’ ಎಂದು ನಕ್ಕಳು.

ಆಕೆ ನಕ್ಕದ್ದನ್ನು ನಾನು ಒಂಬತ್ತು ವರ್ಷದಲ್ಲಿ ನೋಡಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಾಚಿದ್ದಳು. ಹಣೆಯಲ್ಲಿ ಸುಣ್ಣದ ಪುಡಿ ಇರಲಿಲ್ಲ. ಹೋದ ಮೇಲೆ ಅಂಗಡಿಯವ ಹೇಳಿದ, ನಾಲ್ಕು ದಿನದಿಂದ ಆಕೆ ಭಟ್ಟಿಗೆ ಹೋಗಿಲ್ಲ, ಮೊನ್ನೆ ತೊಟ್ಟಿಲಿಗೆಂದು ಹಗ್ಗ ಒಯ್ದಳು. ಕೊಳ್ಳಬೇಕಾದ್ದನ್ನು ಅಲ್ಲೇ ಬಿಟ್ಟು ಆಕೆಯ ಹಿಂದೆ ಹೋದೆ.

ಬಾಗಿಲು ಹಾಕಿತ್ತು. ಒಳಗೆ ಜೋಗುಳ ಹಾಡುತ್ತಿದ್ದಳು. ಒಂದು ಸಾಲು ಹಾಡಿ ನಿಲ್ಲಿಸುವಳು, ಏನನ್ನೋ ಕೇಳಿಸಿಕೊಳ್ಳುವಳು, ‘ಅಯ್ಯ ನನ ಬಂಗಾರಾ’ ಎನ್ನುವಳು, ಮತ್ತೆ ಹಾಡುವಳು. ಬಂದ ದನಿ ಹೊಸ್ತಿಲು ದಾಟಿ ಹೊರಗೆ ಬರುವುದಿಲ್ಲ, ಹಾಗಾಗಿ ನನಗೆ ಕೇಳಿದ್ದು ಅವಳದೊಂದೇ. ಅರ್ಧ ಮಾತುಕತೆ ಕೇಳುತ್ತ ಆ ಬಿಳಿ ಓಣಿಯಲ್ಲಿ ನಿಂತಿದ್ದೆ. ಬಾಗಿಲ ಚೌಕಟ್ಟಿನ ಮೊಳೆ ಖಾಲಿ ಇತ್ತು.

‘ಫಕೀರಕ್ಕಾ, ಬಾಗಲಾ ತಗಿ.’

ಹಾಡು ನಿಂತಿತು. ‘ಯಾರು, ಕಾಶವ್ವನಾ? ನಾಳೆ ಬಾ ತಂಗಿ. ಮೈಯಾಗ ಆರಾಮಿಲ್ಲ.’

‘ಆರಾಮಿಲ್ಲದಾಕಿ ಜೋಗುಳಾ ಹಾಡ್ತಾಳೇನು? ಕೂಸು ಕೆಮ್ಮಾಕತ್ತೈತಿ ಹೌದಲ್ಲೋ? ಮೊರಾ ಯಾಕ ತೂಗಿಲ್ಲ?’

ಆಮೇಲೆ ಬಾಗಿಲಿನ ಹತ್ತಿರವೇ ಮಾತು ಬಂತು, ಮೆಲ್ಲಗೆ. ‘ಮೊರಾ ತೂಗೂದು ಮಂದಿ ಕೂಸಿಗೆ. ನನ್ನ ಕೂಸಿಗೆ ನಾ ಯಾಕ ತೂಗ್ಲಿ?’

‘ಅಕ್ಕಾ, ಅದು ನಿನ್ನ ಕೂಸಲ್ಲ.’

‘ಇಡೀ ಊರು ಕೈ ಬೇಯಿಸ್ಕೊಂಡು ಆಣಿ ಮಾಡ್ತು. ಯಾರ ಮನ್ಯಾಗೂ ಆಕಿ ದನಿ ಬಂದಿಲ್ಲಂತ. ಹಂಗಾರ ಆ ದನಿ ಎಲ್ಲಿ ಹೋಗಿತ್ತು? ಹಾದಿ ತಪ್ಪಿತ್ತು. ಒಂಬತ್ತು ವರ್ಷ ಅಡ್ಡಾಡಿ ಈಗ ಮನಿ ಸೇರೈತಿ. ನೀ ಹೋಗ ತಂಗಿ, ಆಕಿ ಮಲಗೂ ಹೊತ್ತಾತು.’

ಒಲ್ಲದ ಹೊಸ್ತಿಲನ್ನು ಬಲವಂತದಿಂದ ದಾಟುವಂತಿಲ್ಲ. ಹಾಗೆ ದಾಟಿದರೆ ದನಿ ಎದ್ದು ಇನ್ನೊಂದು ಮನೆಗೆ ಹೋಗುತ್ತದೆ, ಹೊಸ ಮನೆ ಗೊತ್ತಾಗುವಷ್ಟರಲ್ಲಿ ದಿನ ಕಳೆಯುತ್ತದೆ. ಊರಲ್ಲಿ ಐದು ವರ್ಷದ ಒಳಗಿನವು ನೂರಾ ನಲವತ್ತು. ಅಷ್ಟು ಮಕ್ಕಳ ಅಂಗಾಲಿಗೆ ಹೊಡೆದು, ಬಾಯಿ ತೆರೆದರೂ ಸದ್ದು ಬಾರದ ಒಂದನ್ನು ಹುಡುಕಲು ನನಗೆ ಮೂರು ದಿನ ಬೇಕು. ನಾಲ್ಕು ದಿನ ಆಗಲೇ ಹೋಗಿವೆ. ಒಳಗೆ ಹೋಗಿ ಕೇಳಿದರೆ ಎಷ್ಟು ತಿಂಗಳ ಕೂಸೆಂದು ತಿಳಿಯುತ್ತದೆ, ಅಷ್ಟರ ಮಟ್ಟಿಗೆ ಹುಡುಕುವ ಮನೆಗಳು ಕಡಿಮೆಯಾಗುತ್ತವೆ.

‘ಯಾರದೋ ಕೂಸು ಸಾಯಾಕತ್ತೈತಿ ಅಕ್ಕಾ. ಅದಕ್ಕೂ ಒಬ್ಬಾಕಿ ತಾಯಿ ಅದಾಳ. ಆಕಿ ದಿಬ್ಬದ ಮ್ಯಾಗ ನಿಂತು ಬಾಗಲಾ ನೋಡಾಕತ್ತಿರ್ತಾಳ, ನೀ ನೋಡಿದಂಗ.’

‘ನಾ ನೋಡಿದಾಗ ಯಾರು ತೂಗಿದ್ರು?’

ಅದಕ್ಕೆ ಉತ್ತರ ನನ್ನ ಹತ್ತಿರ ಮಾತ್ರ ಇತ್ತು. ಬಾಗಿಲಿಗೆ ಹಣೆ ಹಚ್ಚಿ ನಿಂತೆ. ಮರ ಬಿಸಿಲಿಗೆ ಕಾದಿತ್ತು. ನನಗೆ ಆಗ ಭಯವಾಯಿತು, ನಾಚಿಕೆಗಿಂತ ಭಯವೇ ಹೆಚ್ಚು. ಮಗಳ ಮುಖ ನೆನಪಾಯಿತು, ಓಣಿಯ ಹೆಂಗಸರ ಮುಖ ನೆನಪಾಯಿತು, ಈ ಚೀಟಿ, ಈ ಗೌರವ. ಇದನ್ನೆಲ್ಲ ಯೋಚಿಸುತ್ತ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಅಷ್ಟು ಹೊತ್ತು ನಿಂತದ್ದಕ್ಕೂ ನಾನು ನನ್ನನ್ನು ಕ್ಷಮಿಸಿಲ್ಲ.

‘ಅದು ಸಾವಂತ್ರಿ ಅಲ್ಲ, ಫಕೀರಕ್ಕಾ.’

‘ನಿನಗ ಹೆಂಗ ಗೊತ್ತು?’

‘ಸಾವಂತ್ರಿ ಮೂರು ಸಲ ಕೆಮ್ಮತಿದ್ಲು. ಸಣ್ಣ ಕೆಮ್ಮು. ಮೂರಾದಮ್ಯಾಗ ಹ್ಞೂಂ ಅಂತಿದ್ಲು. ಪ್ರತೀ ಸಲ. ಒಳಗ ಕೇಳು, ಅದು ಹಂಗ ಕೆಮ್ಮತೈತೇನು?’

ಹೆತ್ತ ತಾಯಿಗೆ ಗೊತ್ತಿಲ್ಲದ ಕೆಮ್ಮು ಅದು. ಗೊತ್ತಿರಲು ಸಾಧ್ಯವಿದ್ದದ್ದು ಒಂದೇ ಮನೆಗೆ. ಆಮೇಲೆ ಅಗುಳಿ ಜಾರಿತು.

ಫಕೀರವ್ವ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದರೆ ಸಾಕು ಎಂದೂ ಅನ್ನಿಸಿತು. ಆಕೆ ಪಕ್ಕಕ್ಕೆ ಸರಿದಳು.

‘ಒಳಗ ಬಾ. ಮೊದಲ ಇದನ್ನ ಎಣಸು’ ಎಂದಳು.

ನಡುಮನೆಯ ಜಂತಿಗೆ ಹೊಸ ಹಗ್ಗದಲ್ಲಿ ತೊಟ್ಟಿಲು ಕಟ್ಟಿದ್ದಳು. ಅದರಲ್ಲಿ ಮಡಿಸಿಟ್ಟ ಒಂದು ಸಣ್ಣ ಕೆಂಪು ಅಂಗಿ, ಬೇರೇನಿಲ್ಲ. ಆ ಬರಿಯ ತೊಟ್ಟಿಲಿನಿಂದ ಉಸಿರು ಬರುತ್ತಿತ್ತು. ಗಾಳಿಯಿರಲಿಲ್ಲ, ಅಂಗಿ ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ಕೂತು ಎಣಿಸಿದೆ. ಅರವತ್ತಾರು. ಪ್ರತಿ ಉಸಿರಿನ ಕೊನೆಗೆ ಗೊರಗುಟ್ಟುವ ಒಂದು ಮುಲುಕು. ಇಷ್ಟು ವರ್ಷ ಯಾರ‍್ಯಾರದೋ ಮನೆಯಲ್ಲಿ ಕೂತು ಎಣಿಸಿದ್ದೇನೆ, ಅವತ್ತು ಮಾತ್ರ ಎರಡು ಸಲ ಎಣಿಸಿದೆ. ತೊಟ್ಟಿಲನ್ನು ಫಕೀರವ್ವ ಆಗಲೂ ಒಂದು ಕೈಯಿಂದ ತೂಗುತ್ತಲೇ ಇದ್ದಳು.

‘ಎಷ್ಟು ತಿಂಗಳದ್ದಿರಬೇಕು?’ ಎಂದೆ.

‘ಐದಾರು. ಹಲ್ಲು ಬಂದಿಲ್ಲ, ನಾಲಗಿ ಹೊರಳಸ್ತೈತಿ ಅಷ್ಟ.’ ಆಕೆ ನನ್ನ ಕಡೆ ನೋಡದೆ ಹೇಳಿದಳು. ‘ಮುಂಜಾನಿ ಭಟ್ಟಿ ಗಂಟಿ ಹೊಡದಮ್ಯಾಗ ಹಾಲು ಕುಡಿಯೂದಿಲ್ಲ. ಮಧ್ಯಾಹ್ನದ ಗಂಟಿ ಆಗಬೇಕು, ಆವಾಗ ಚಪ್ಪರಸ್ತಿತ್ತು. ಮತ್ತ ಸಂಜೀ ಗಂಟಿಗೆ. ನಿನ್ನೆ ಮಧ್ಯಾಹ್ನ ಚಪ್ಪರಸಲಿಲ್ಲ. ನಡುನಡುವ ಉಸುರಿನಾಗ ಒಂದು ಜೋಲಿ ಹೊಡಿತೈತಿ, ತೂಗಿದಾಗ ಬರ್ತೈತಲ್ಲ, ಹಂಗ. ಇದರ ತಾಯಿ ದಿಬ್ಬದ ಮ್ಯಾಗ ಅದಾಳ ಕಾಶವ್ವಾ. ಕೂಸು ಸೀರಿ ಜೋಳಿಗ್ಯಾಗ ಐತಿ.’

ನಾಲ್ಕು ದಿನ ಯಾರದೋ ಕೂಸನ್ನು ತನ್ನದೆಂದುಕೊಂಡು ಆಕೆ ಒಂದು ಉಸಿರನ್ನೂ ಬಿಡದೆ ಕೇಳಿಸಿಕೊಂಡಿದ್ದಳು. ನನ್ನ ತರಬೇತಿಯಲ್ಲಿ ಯಾರೂ ಅಷ್ಟು ಕಲಿಸಿರಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ದಿಬ್ಬದ ಕಡೆ ಓಡಿದೆ.

ಭಟ್ಟಿಯ ಪಕ್ಕದ ತಗಡಿನ ನೆರಳಲ್ಲಿ ಹಳೆಯ ಸೀರೆಗಳ ಜೋಳಿಗೆಗಳು ಸಾಲಾಗಿ ತೂಗಿದ್ದವು, ನಾಲ್ಕು. ಹಾದುಹೋಗುವ ಹೆಂಗಸರು ಒಂದೊಂದು ಸಲ ಕೈಯಾಡಿಸಿ ತೂಗಿ ಹೋಗುತ್ತಿದ್ದರು. ಅಳು ಕೇಳಿದರೆ ಮಾತ್ರ ಬಗ್ಗಿ ನೋಡುವುದು ಅಲ್ಲಿಯ ರೂಢಿ. ಮೊದಲ ಜೋಳಿಗೆಯ ಕೂಸಿನ ಅಂಗಾಲಿಗೆ ಬೆರಳಿನಿಂದ ಹೊಡೆದೆ, ಕಿರುಚಿತು. ಎರಡನೆಯದೂ ಕಿರುಚಿತು. ಮೂರನೆಯದು ನಿದ್ದೆ ಕೆಡಿಸಿದ್ದಕ್ಕೆ ನನ್ನನ್ನು ಬೈದಂತೆ ಅತ್ತಿತು. ನಾಲ್ಕನೆಯದು ಬಾಯಿ ತೆರೆಯಿತು. ಮುಖ ನೀಲಿ ಕಲೆಸಿದ ಸುಣ್ಣದ ಬಣ್ಣ. ಬಾಯಿ ಪೂರ್ತಿ ತೆರೆದಿತ್ತು, ಗಂಟಲು ಅದುರುತ್ತಿತ್ತು, ಪಕ್ಕದ ಕೂಸುಗಳ ಅಳು ಬಿಟ್ಟರೆ ಅಲ್ಲಿ ಏನೂ ಕೇಳುತ್ತಿರಲಿಲ್ಲ. ಅಂಗಿ ಎತ್ತಿದೆ. ಪ್ರತಿ ಉಸಿರಿಗೂ ಪಕ್ಕೆಯ ಕೆಳಗೆ ನನ್ನ ಹೆಬ್ಬೆರಳು ಹಿಡಿಸುವಷ್ಟು ಗುಳಿ. ಎಣಿಸಿದೆ, ಅರವತ್ತಾರು.

ಅದರ ತಾಯಿ ರೇಣವ್ವ ಬುಟ್ಟಿ ಎಸೆದು ಓಡಿಬಂದಳು. ಇಪ್ಪತ್ತು ತುಂಬದ ಹುಡುಗಿ. ‘ಈಗಷ್ಟ ನೋಡಿದ್ನೆಕ್ಕಾ, ಎಲ್ಲೂ ಮೊರಾ ಇದ್ದಿಲ್ಲ’ ಎಂದಳು. ಕೂಸು ನನ್ನ ಕೈಯಲ್ಲಿತ್ತು. ಆಕೆ ಅದನ್ನು ಬಿಟ್ಟು ಮತ್ತೆ ದಿಬ್ಬದ ಅಂಚಿಗೆ ಹೋಗಿ, ಹುಬ್ಬಿಗೆ ಕೈ ಹಿಡಿದು, ಕೆಳಗೆ ನೋಡಿದಳು. ಅವಳ ಹಿಂದೆ ಉಳಿದ ಹೆಂಗಸರೂ ನೋಡಿದರು. ಅಷ್ಟು ಎತ್ತರದಿಂದ ಫಕೀರವ್ವ ಬೆರಳಿನಷ್ಟು ಕಾಣುತ್ತಿದ್ದಳು. ಸ್ಟೂಲಿನ ಮೇಲೆ ಹತ್ತಿ ಮೊರ ತೂಗುತ್ತಿದ್ದಳು.

ಗುಳಿಗೆ ನೀರಲ್ಲಿ ಕರಗಿಸಿ, ಹನಿಹನಿಯಾಗಿ ಕೆನ್ನೆಯೊಳಗೆ ಬಿಟ್ಟೆ. ಅರ್ಧ ಹೊರಗೆ ಬಂತು, ಅರ್ಧ ನುಂಗಿತು. ಕೂಸನ್ನು ಎದೆಗೆ ಅವಚಿಕೊಂಡು ಇಬ್ಬರೂ ಹೊಳೆಗೆ ಓಡಿದೆವು. ಅಂಬಿಗರ ಸಣ್ಣಯಲ್ಲ ಊಟ ಬಿಟ್ಟು ದೋಣಿ ಬಿಚ್ಚಿದ. ನಡುಹೊಳೆಯವರೆಗೆ ಕೂಸು ಸದ್ದಿಲ್ಲದೆ ಕೆಮ್ಮುತ್ತಿತ್ತು, ನೀರು ಹುಟ್ಟಿಗೆ ಬಡಿಯುವುದೊಂದೇ ಸದ್ದು. ನಡುಹೊಳೆ ದಾಟುತ್ತಲೇ ದನಿ ಬಂತು. ನಮ್ಮೂರ ಸೀಮೆ ಅಲ್ಲಿಗೆ ಮುಗಿಯುತ್ತದೆ, ಯಾವಾಗಲೂ ಹಾಗೆಯೇ ಆಗುವುದು. ಗೊರಗೊರ ಉಸಿರು, ಮುಲುಕು, ಬಿರುಕು ಬಿಟ್ಟ ಸಣ್ಣ ಅಳು. ರೇಣವ್ವ ತನ್ನ ಮಗಳ ಜಡ್ಡನ್ನು ಮೊದಲ ಸಲ ಕೇಳಿದಳು. ಕಿವಿ ಮುಚ್ಚಿಕೊಂಡಳು, ಆಮೇಲೆ ಕೈ ತೆಗೆದು ಕೂಸಿನ ಬಾಯಿಗೆ ತನ್ನ ಕಿವಿ ಹಚ್ಚಿ ಕೂತಳು.

ಅದೇ ಗಳಿಗೆಗೆ ಫಕೀರವ್ವನ ತೊಟ್ಟಿಲು ಸುಮ್ಮನಾಗಿರಬೇಕು. ಕೂಸು ಹೊಳೆ ದಾಟಿತೋ ಜೀವ ಬಿಟ್ಟಿತೋ ಆಕೆಗೆ ಗೊತ್ತಾಗುವ ದಾರಿಯಿರಲಿಲ್ಲ. ಎರಡನೆಯ ದಿನ ಡಾಕ್ಟರಮ್ಮ ಉಳಿಯುತ್ತದೆ ಎಂದರು. ನಾನು ಊರಿಗೆ ಮರಳಿದೆ. ಆಕೆಯ ಮನೆಗೆ ಹೋಗಿ ಹೇಳಬೇಕಿತ್ತು. ಹೋಗಲಿಲ್ಲ. ಸಣ್ಣಯಲ್ಲನ ಕೈಯಲ್ಲಿ ಹೇಳಿಕಳಿಸಿದೆ. ಏನಂದಳು ಎಂದು ಕೇಳಿದರೆ, ‘ಛಲೋ ಆತು’ ಅಂದಳು, ಬಾಗಿಲು ಹಾಕಿಕೊಂಡಳು ಎಂದ. ನೂರಾರು ಮನೆಯ ಹೊಸ್ತಿಲು ತುಳಿದ ನನಗೆ ಆ ಒಂದು ಹೊಸ್ತಿಲು ಬೆಟ್ಟವಾಗಿತ್ತು.

ಎಂಟು ದಿನದ ಮೇಲೆ ಕೂಸು ಬಂತು. ಊರು ಸೇರಿ ಫಕೀರವ್ವನ ಮನೆಯಲ್ಲಿ ಶಾಸ್ತ್ರ ಮಾಡಿತು. ಮೊರದಲ್ಲಿ ಜೋಳ, ಜೋಳದ ಮೇಲೆ ಕೂಸು. ರೇಣವ್ವನೇ ಚಿವುಟಿದಳು, ಕೂಸು ಓಣಿಗೆಲ್ಲ ಕೇಳುವಂತೆ ಅತ್ತಿತು, ಎಲ್ಲರೂ ನಕ್ಕರು. ಒಬ್ಬ ಮುದುಕಿ ಮಾತ್ರ, ಮೊರ ತೂಗಲು ಯಾಕೆ ತಡವಾಯಿತು ಎಂದು ಕೇಳಿಯೇಬಿಟ್ಟಳು. ‘ನನ್ನ ಕಿವಿ ಮಂದ ಆಗ್ಯಾವ’ ಎಂದಳು ಫಕೀರವ್ವ. ಬೆಲ್ಲ ಕೊಟ್ಟಳು, ಕೇಳವ್ವ ಆದಳು. ಎದುರಿಗೇ ಇದ್ದ ನನ್ನನ್ನು ನೋಡಲಿಲ್ಲ. ತೊಟ್ಟಿಲು ಬಿಚ್ಚಿರಲಿಲ್ಲ.

ಮರುದಿನ ಮಧ್ಯಾಹ್ನ ಆಕೆ ನಮ್ಮ ಮನೆಗೆ ಬಂದಳು. ಮಗಳು ಶಾಲೆಗೆ ಹೋಗಿದ್ದಳು, ಗಂಡ ಹೊಲದಲ್ಲಿದ್ದ. ನೀರು ಕೊಟ್ಟೆ, ಕುಡಿಯಲಿಲ್ಲ.

‘ಯಾವ ಕೋಣಿ?’ ಎಂದಳು.

ಒಳಕೋಣೆ ತೋರಿಸಿದೆ. ಬೀಸುಕಲ್ಲಿನ ಪಕ್ಕದಲ್ಲಿ, ಜೋಳದ ಚೀಲಗಳ ಎದುರಿಗೆ ಕೂತಳು. ನಾನು ಆಕೆಯ ಕಾಲ ಬಳಿ ಕೂತು ಎಲ್ಲ ಹೇಳಿದೆ. ಬಸುರು, ಅತ್ತೆ, ಎರಡು ದಿನದ ಬೀಸು, ಬರಿಯ ಕಲ್ಲು. ಅತ್ತೆಯ ಮೇಲೆ ಹಾಕಿ ಪಾರಾಗಲು ನೋಡಿದೆ, ಮಾತು ಅರ್ಧಕ್ಕೇ ನಿಂತಿತು. ಮೊರ ನನ್ನ ಕೈಯಲ್ಲಿತ್ತು, ಬಾಗಿಲು ಹತ್ತು ಹೆಜ್ಜೆ ದೂರವಿತ್ತು. ‘ಊರ ಮುಂದ ಹೇಳು ಅಕ್ಕಾ. ಇವತ್ತ ಹೇಳು. ನಾನ ಬರ್ತೀನಿ ನಿನ್ನ ಸಂಗಾಟ’ ಎಂದೆ. ಅಳು ಬಂತು, ತಡೆಯಲಾಗಲಿಲ್ಲ.

‘ಊರಿಗೆ ಹೇಳಿ ಏನ ಮಾಡ್ಲಿ?’ ಎಂದಳು. ‘ಊರು ಆಕಿ ದನಿ ಕೇಳೈತೇನು? ನೀ ಕೇಳೀದಿ. ನಾ ಹೆತ್ತಾಕಿ, ನನಗ ಕೇಳಿಲ್ಲ. ಕೆಮ್ಮು ಕಾಶವ್ವಾ. ಆಕಿ ಕೆಮ್ಮಿದಂಗ ಕೆಮ್ಮು.’

ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ಕೆಮ್ಮಿದೆ. ಹಾಗಲ್ಲ ಎಂದು ನನಗೇ ಗೊತ್ತಾಯಿತು, ದೊಡ್ಡವರ ಕೆಮ್ಮು ಅದು. ಇನ್ನೂ ಸಣ್ಣಗೆ, ಮೂಗಿನ ಹತ್ತಿರ, ಮೂರು ಸಲ. ‘ಹ್ಞೂಂ’ ಎಂಬುದು ಮೂರನೆಯ ಸಲಕ್ಕೆ ಸರಿ ಬಂತು. ಸರಿ ಬಂದಾಗ ಅದು ನನ್ನ ಬಾಯಿಂದ ಬಂದಂತೆ ಅನ್ನಿಸಲಿಲ್ಲ, ಚೀಲಗಳ ಹಿಂದಿನಿಂದ ಬಂತು. ನನಗೆ ಹಾಗನ್ನಿಸಿತೆಂದು ಬಿಡಬಹುದಿತ್ತು. ಆದರೆ ಫಕೀರವ್ವನ ಮುಖವೂ ಅತ್ತ ಕಡೆಗೇ ತಿರುಗಿತ್ತು.

‘ಮತ್ತ ಏನಂದ್ಲು?’

‘ಏನೂ ಇಲ್ಲ.’

‘ಎರಡೂವರಿ ವರ್ಷದಾಕಿ. ಮಾತಾಡ್ತಿದ್ಲು.’

ಬೀಸುಕಲ್ಲಿನ ಗೂಟ ಹಿಡಿದುಕೊಂಡೆ. ಇದನ್ನು ಅತ್ತೆಗೂ ಹೇಳಿರಲಿಲ್ಲ, ನಿಮಗೂ ಹೇಳಿಲ್ಲ. ಮೂರನೆಯ ದಿನ ಮುಂಜಾನೆಯಿಂದ ಕೆಮ್ಮು ಇರಲಿಲ್ಲ. ‘ಅವ್ವಾ ಅಂತ ಕರೀತಿದ್ಲು’ ಎಂದೆ.

ಫಕೀರವ್ವ ಸೆರಗು ಸರಿ ಮಾಡಿಕೊಂಡಳು. ನೆಟ್ಟಗೆ ಕೂತಳು. ‘ಎಷ್ಟ ಸಲ?’

ಎಣಿಸುವುದನ್ನು ನನಗೆ ಡಾಕ್ಟರಮ್ಮ ಕಲಿಸಿದ್ದಲ್ಲ. ಅವತ್ತೇ ಕಲಿತಿದ್ದೆ. ‘ಹನ್ನೊಂದು.’

‘ಕರಿ’ ಎಂದಳು.

ಕಣ್ಣು ಮುಚ್ಚಿಕೊಂಡು, ಆ ದನಿಯಲ್ಲಿ, ಆ ಹುಡುಗಿ ಎಳೆದಷ್ಟೇ ಎಳೆದು ಕರೆದೆ. ‘ಅವ್ವಾ.’

‘ಓ’ ಎಂದಳು ಫಕೀರವ್ವ.

ಮತ್ತೆ ಕರೆದೆ. ಮತ್ತೆ ‘ಓ’ ಎಂದಳು. ಒಂದೊಂದಕ್ಕೂ ಓಗೊಟ್ಟಳು, ಕೆಲಸದಲ್ಲಿದ್ದ ತಾಯಿ ಬೇರೆ ಕೋಣೆಯಿಂದ ಓಗೊಡುವಂತೆ, ಅವಸರವಿಲ್ಲದೆ. ಸಾವಂತ್ರಿಯ ದನಿ ಕೊನೆಕೊನೆಗೆ ಇಳಿದಿತ್ತು, ನಾನೂ ಇಳಿಸಿದೆ. ಹತ್ತನೆಯದು ಬರಿ ಉಸಿರು. ಹನ್ನೊಂದನೆಯದು ಅರ್ಧ ಮಾತ್ರ. ಅದಕ್ಕೂ ‘ಓ’ ಎಂದಳು.

ನಾನು ನಿಲ್ಲಿಸಿದೆ, ಕಣ್ಣು ಬಿಟ್ಟೆ. ಫಕೀರವ್ವ ಚೀಲಗಳ ಕಡೆಗೆ ಕಿವಿ ಕೊಟ್ಟು ಕೂತಿದ್ದಳು. ನಾನು ಕರೆದಿರಲಿಲ್ಲ. ಆಕೆ ಇನ್ನೊಮ್ಮೆ, ‘ಓ, ಬಂದೆ’ ಎಂದಳು.